ಬೀಗ ಹಾಕಿದ ಮನೆಗೂ ಕಂತು ತಪ್ಪದು

ಪ್ರೀತಿಯ ಪುಟ್ಟಿ,

ಸಾಲ ಮಾಡಿ ಮನೆ ಕೊಂಡು ಬಾಡಿಗೆಗೆ ಕೊಡುವ ಯೋಚನೆ ಹೇಳುವಾಗ ಫೋನಿನಲ್ಲಿ ನೀನು ಅವಸರದಲ್ಲಿದ್ದೆ, ಅದಕ್ಕೇ ಬರೆಯುತ್ತಿದ್ದೇನೆ. "ಬಾಡಿಗೆ ಬರುತ್ತೆ, ಅದರಲ್ಲೇ ಸಾಲ ತೀರುತ್ತೆ, ನನ್ನ ಕೈಯಿಂದ ಏನೂ ಹೋಗಲ್ಲಮ್ಮ" ಅಂದೆಯಲ್ಲ, ಇದೇ ಮಾತನ್ನು ಒಂದು ಕಾಲದಲ್ಲಿ ನಾನು ನಿಮ್ಮಪ್ಪನಿಗೆ ಹೇಳಿ ಒಪ್ಪಿಸಿದ್ದೆ.

ಮನೆ ಕೊಂಡ ಎರಡನೇ ವರ್ಷ ಬಾಡಿಗೆಯವರು ಖಾಲಿ ಮಾಡಿದರು. ತಿಂಗಳೊಳಗೆ ಬೇರೆಯವರು ಬರುತ್ತಾರೆ ಅಂದುಕೊಂಡೆವು. ನಾಲ್ಕು ತಿಂಗಳು ಯಾರೂ ಬರಲಿಲ್ಲ. ವಾರಕ್ಕೊಮ್ಮೆ ಬೀಗ ತೆಗೆದು ಗುಡಿಸಿ ಬರುತ್ತಿದ್ದೆ. ಅಡುಗೆಮನೆಯ ನಲ್ಲಿ ತೊಟ್ಟಿಕ್ಕಿ ತೊಟ್ಟಿಕ್ಕಿ ಸಿಂಕಿನಲ್ಲಿ ಹಳದಿ ಕಲೆ ಕೂತಿತ್ತು. ಗೋಡೆಯೊಳಗಿನ ಪೈಪೇ ಹೋಗಿದೆ ಅಂತ ಪ್ಲಂಬರ್ ಹೇಳಿದ್ದು ಸರಿಯಾಗಿ ಕಂತಿನ ದಿನ. ನಿಮ್ಮಪ್ಪನ ಒಂದೇ ಸಂಬಳದಲ್ಲಿ ಎರಡು ಮನೆ ನಡೆಸಿದೆವು. ನೀನಾಗ ಚಿಕ್ಕವಳು, ನೆನಪಿರಲಿಕ್ಕಿಲ್ಲ.

ಹಾಗಾಗಿ ವರ್ಷದ ಬಾಡಿಗೆಯನ್ನು 12 ತಿಂಗಳದ್ದು ಅಂತ ಲೆಕ್ಕ ಹಾಕಬೇಡ, 10 ತಿಂಗಳದ್ದು ಅಂದುಕೋ. ಅದರಲ್ಲಿ ತೆರಿಗೆ, ವಿಮೆ, ಬಣ್ಣ, ರಿಪೇರಿ ಕಳೆ. ಉಳಿದದ್ದಕ್ಕೂ ಕಂತಿಗೂ ಇರುವ ಅಂತರ ನಿನ್ನ ಸಂಬಳದಿಂದಲೇ ಹೋಗಬೇಕು. ಆರು ಕಂತಿನಷ್ಟು ಹಣ ಬೇರೆ ಖಾತೆಯಲ್ಲಿಟ್ಟ ಮೇಲೆಯೇ ಸಹಿ ಹಾಕು.

ಇನ್ನು ಸಾಲದ ವಿಷಯ. ಶೇ. 9ರ ಬಡ್ಡಿಗೆ 20 ವರ್ಷದ ಸಾಲ ಅಂದುಕೋ. ಪ್ರತಿ 1 ಲಕ್ಷಕ್ಕೆ ತಿಂಗಳ ಕಂತು ಸುಮಾರು 900. ಮೊದಲ ಕಂತಿನಲ್ಲಿ 750 ಬಡ್ಡಿಗೇ ಹೋಗುತ್ತದೆ, ಅಸಲಿಗೆ ಸೇರುವುದು 150 ಮಾತ್ರ. ನಾನು ನಮ್ಮ ಸಾಲದ ಸ್ಟೇಟ್‌ಮೆಂಟಿನಲ್ಲಿ ಅಸಲಿನ ಕಾಲಂ ಮೇಲೆ ಪೆನ್ಸಿಲ್ ಇಟ್ಟು ಕೆಳಗಿಳಿಸುತ್ತಾ ಹೋದವಳು. ಪುಟ ಮುಗಿದರೂ ಅಂಕಿ ಮೇಲೇಳುವುದಿಲ್ಲ! ಈ ಲೆಕ್ಕದಲ್ಲಿ ಅರ್ಧ ಅಸಲು ತೀರುವ ಹೊತ್ತಿಗೆ 14 ವರ್ಷ ಕಳೆದಿರುತ್ತದೆ.

ಬಡ್ಡಿ ದರ ಏರಿಳಿಯುವ ಸಾಲವಾದರೆ ಇನ್ನೊಂದು ಕಣ್ಣು ಅದರ ಮೇಲಿರಲಿ. ಶುರುವಿನಲ್ಲೇ ದರ ಶೇ. 10 ಆಗಿ, ಕಂತು ಮಾತ್ರ ಅಷ್ಟೇ ಇದ್ದರೆ 20 ವರ್ಷದ ಸಾಲ 26 ವರ್ಷಕ್ಕೆ ಹೋಗುತ್ತದೆ. ಶೇ. 11 ಆದರೆ ಬಡ್ಡಿಯೇ 917, ಕಂತು 900. ಕಟ್ಟುತ್ತಲೇ ಇದ್ದರೂ ಸಾಲ ಬೆಳೆಯುತ್ತದೆ. ಕಂತು ಹೆಚ್ಚಿಲ್ಲವಲ್ಲ ಅಂತ ಸುಮ್ಮನಿರಬೇಡ, ಅವಧಿ ಎಷ್ಟಾಯಿತು ಅಂತ ಕೇಳು.

ನಮ್ಮನ್ನು ಕಾಪಾಡಿದ್ದು ಬೋನಸ್. ಬಂದಾಗೆಲ್ಲ ಅಸಲಿಗೆ ಕಟ್ಟಿ, ಕಂತು ಇಳಿಸದೆ ಅವಧಿ ಇಳಿಸಿಕೊಂಡೆವು. ವರ್ಷಕ್ಕೆ ಒಂದೇ ಒಂದು ಕಂತು ಹೆಚ್ಚಿಗೆ ಕಟ್ಟಿದರೂ, ಮೇಲಿನ ಲೆಕ್ಕದ ಸಾಲ ಸುಮಾರು ಮೂರೂವರೆ ವರ್ಷ ಮೊದಲೇ ಮುಗಿಯುತ್ತದೆ. ಅವಧಿಗೆ ಮುಂಚೆ ಕಟ್ಟಿದರೆ ದಂಡ ಇದೆಯಾ ಅಂತ ಒಪ್ಪಂದದಲ್ಲಿ ನೋಡಿಕೋ. ಕ್ರೆಡಿಟ್ ಕಾರ್ಡ್ ಬಾಕಿ ಇದ್ದರೆ ಮೊದಲು ಅದನ್ನು ತೀರಿಸು, ಅದರ ಬಡ್ಡಿಯ ಮುಂದೆ ಮನೆ ಸಾಲ ಏನೂ ಅಲ್ಲ. (ಇದೆ ಅಂತ ನನಗೆ ಗೊತ್ತು.)

ಮೊದಲ ಮನೆಯ ಮೇಲೆ ಟಾಪ್‌ಅಪ್ ಸಾಲ, ಅಂದರೆ ಇರುವ ಮನೆ ಸಾಲದ ಮೇಲೆ ಇನ್ನಷ್ಟು ಸಾಲ, ತೆಗೆದು ಎರಡನೇ ಮನೆಗೆ ಮುಂಗಡ ಕೊಡುವ ನಿನ್ನ ಯೋಚನೆಗೆ ನನ್ನ ಒಪ್ಪಿಗೆ ಇಲ್ಲ. ಎರಡೂ ಒಟ್ಟಿಗೆ ಖಾಲಿ ಬಿದ್ದ ತಿಂಗಳು ಒಂದರ ಸಾಲಕ್ಕೆ ಇನ್ನೊಂದೂ ಹೋಗಬಹುದು. ನೀನು ಹೇಳಿದ್ದರಲ್ಲೂ ಒಂದು ಸತ್ಯ ಇದೆ: ಬಾಡಿಗೆ ಸಾಮಾನ್ಯವಾಗಿ ವರ್ಷ ವರ್ಷ ಏರುತ್ತದೆ, ಕಂತು ಬಡ್ಡಿಗಿಂತ ಹೆಚ್ಚಿರುವವರೆಗೆ ಅಸಲು ಏರುವುದಿಲ್ಲ. ಹತ್ತನೇ ವರ್ಷಕ್ಕೆ ನಮಗೂ ಹಗುರಾಯಿತು. ಅಲ್ಲಿಯವರೆಗೆ ತಡೆದುಕೊಳ್ಳುವ ಶಕ್ತಿ ಒಂದು ಮನೆಗಷ್ಟೇ ಇತ್ತು.

ಭಾನುವಾರ ಬರುವಾಗ ಸಾಲದ ಕಾಗದವನ್ನು ಪ್ರಿಂಟ್ ಹಾಕಿಸಿ ತಾ, ಫೋನಿನಲ್ಲಿ ತೋರಿಸಬೇಡ. ಪೆನ್ಸಿಲ್ ನನ್ನ ಹತ್ತಿರ ಇದೆ.

ನಿನ್ನ ಅಮ್ಮ