ಹಸಿದ ಬ್ಯಾಕ್ಟೀರಿಯಾವೇ ಗರಿ ಕರಗಿಸುವುದು

ಮಾನ್ಯರೇ,

ಕೋಳಿಗರಿ, ಕೂದಲು, ಗೊರಸಿನಂಥ ಕೆರಾಟಿನ್ ತ್ಯಾಜ್ಯವನ್ನು ಬ್ಯಾಕ್ಟೀರಿಯಾಗಳಿಂದ ಕರಗಿಸುವ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಲೇಖನ ಓದಿ ಖುಷಿಯಾಯಿತು. ಆದರೆ ಪೋಷಕಾಂಶ ಹೆಚ್ಚು ಕೊಟ್ಟಷ್ಟೂ ಕೆಲಸ ಬೇಗ ಮುಗಿಯುತ್ತದೆ ಎಂಬ ಅದರ ಮಾತನ್ನು ಒಪ್ಪಲಾರೆ.

ನನ್ನ ವಿದ್ಯಾರ್ಥಿಗಳ ಮುಂದೆ ಎರಡು ಫ್ಲಾಸ್ಕ್ ಇಡುತ್ತೇನೆ. ಎರಡರಲ್ಲೂ ಅದೇ ಬ್ಯಾಸಿಲಸ್ ಬ್ಯಾಕ್ಟೀರಿಯಾ, ಅಷ್ಟೇ ಗರಿ, ಅವೇ ಲವಣಗಳು. ಒಂದಕ್ಕೆ ಮಾತ್ರ ಧಾರಾಳವಾಗಿ ಗ್ಲೂಕೋಸ್. ಮರುದಿನ ಗ್ಲೂಕೋಸ್ ಇರುವುದು ಹಾಲಿನಂತೆ ಕದಡಿರುತ್ತದೆ, ಮಕ್ಕಳೆಲ್ಲ ಅದೇ ಗೆದ್ದಿತು ಅನ್ನುತ್ತಾರೆ. ಎತ್ತಿ ನೋಡಿದರೆ ಗರಿ ಹಾಕಿದ ಹಾಗೇ ಇದೆ! ಇನ್ನೊಂದರಲ್ಲಿ ಎರಡು ಮೂರು ದಿನ ಕಳೆದ ಮೇಲೆ ಗರಿಯ ಎಳೆಗಳು ಉದುರಿ ನಡುವಿನ ದಂಟು ಮಾತ್ರ ಉಳಿದಿರುತ್ತದೆ. ಮುಚ್ಚಳ ತೆಗೆದರೆ ಅಮೋನಿಯಾ ವಾಸನೆ.

ಕಾರಣ ಸರಳ. ಗರಿಯಲ್ಲಿ ನೂರಕ್ಕೆ ಸುಮಾರು 90 ಭಾಗ ಕೆರಾಟಿನ್. ಗಂಧಕದ ಕೊಂಡಿಗಳಿಂದ ಬಿಗಿಯಾಗಿ ಹೆಣೆದ ಈ ಪ್ರೋಟೀನನ್ನು ಬಿಡಿಸಲು ಬ್ಯಾಕ್ಟೀರಿಯಾ ಕಿಣ್ವ ತಯಾರಿಸಿ ಹೊರಕ್ಕೆ ಸುರಿಯಬೇಕು. ಅದು ದುಬಾರಿ ಕೆಲಸ. ಸಕ್ಕರೆಯೋ ಅಮೈನೋ ಆಮ್ಲವೋ ಸುಲಭವಾಗಿ ಸಿಗುತ್ತಿದ್ದರೆ ಜೀವಕೋಶ ಆ ಕಿಣ್ವದ ಜೀನ್‌ಗಳನ್ನು ಅದುಮಿಡುತ್ತದೆ. ಸಂಖ್ಯೆ ಬೆಳೆಯುತ್ತದೆ, ಕಿಣ್ವ ಬೆಳೆಯುವುದಿಲ್ಲ. ಈ ಎರಡನ್ನು ಒಂದೇ ಎಂದುಕೊಂಡದ್ದೇ ಲೇಖನದ ತಪ್ಪು.

1990ರಲ್ಲಿ ಅಮೆರಿಕದ ನಾರ್ತ್ ಕೆರೊಲಿನಾ ಸ್ಟೇಟ್ ವಿಶ್ವವಿದ್ಯಾಲಯದ ಜೇಸನ್ ಶಿಹ್ ಮತ್ತು ಸಂಗಡಿಗರು ವರದಿ ಮಾಡಿದ ಬ್ಯಾಸಿಲಸ್ ಲೈಕೆನಿಫಾರ್ಮಿಸ್ ತಳಿ ಇಂಗಾಲ, ಗಂಧಕ, ಶಕ್ತಿ ಮೂರಕ್ಕೂ ಮುಖ್ಯವಾಗಿ ಗರಿಯನ್ನೇ ನೆಚ್ಚಿ ಬೆಳೆಯಿತು. ಅಂದರೆ ತ್ಯಾಜ್ಯವೇ ಊಟ, ಕಿಣ್ವ ತಯಾರಿಕೆಗೆ ಪ್ರಚೋದನೆಯೂ ಅದೇ.

ಹಾಗೆಂದು ಬರಿಯ ನೀರು ಸಾಲದು. ಫಾಸ್ಫೇಟ್, ಮೆಗ್ನೀಸಿಯಂ ಬೇಕೇ ಬೇಕು; ಇಂಥ ಹಲವು ಕಿಣ್ವಗಳಿಗೆ ಕ್ಯಾಲ್ಸಿಯಂ ಸ್ಥಿರತೆ ಕೊಡುತ್ತದೆ. ಕೆಲವು ತಳಿಗಳಿಗೆ ಆರಂಭದಲ್ಲಿ ಚಿಟಿಕೆಯಷ್ಟು ಯೀಸ್ಟ್ ಸಾರ ಕೊಟ್ಟರೆ ಒಳ್ಳೆಯದೇ. ತಳಿಯಿಂದ ತಳಿಗೆ ಇದು ಬದಲಾಗುವುದರಿಂದ ಒಬ್ಬರ ಪಾಕ ಇನ್ನೊಬ್ಬರಿಗೆ ಒಗ್ಗದು. ಗರಿಯನ್ನೂ ಗಿಡಿದು ತುಂಬಬಾರದು, ಆಮ್ಲಜನಕ ಒಳಗೆ ಸೇರುವುದಿಲ್ಲ.

ಗರಿಯನ್ನು ಒತ್ತಡದ ಹಬೆಯಲ್ಲಿ ಬೇಯಿಸುವ ಈಗಿನ ರೀತಿಗೆ ಇಂಧನ ಹೆಚ್ಚು ಬೇಕು, ಮೊದಲೇ ಕಡಿಮೆಯಿರುವ ಲೈಸಿನ್‌ನಂಥ ಅಮೈನೋ ಆಮ್ಲಗಳೂ ಹಾಳಾಗುತ್ತವೆ. ಬ್ಯಾಕ್ಟೀರಿಯಾದ ದಾರಿ ಅದಕ್ಕಿಂತ ಒಳ್ಳೆಯದೆಂದು ನಂಬಿದವಳು ನಾನು. ಲೇಖನ ನಂಬಿ ಯಾರಾದರೂ ತೊಟ್ಟಿಗೆ ಬೆಲ್ಲದ ನೀರು ಸುರಿದು, ಗರಿ ಕರಗಲಿಲ್ಲವೆಂದು ಕೈಬಿಡುವ ಮುನ್ನ ದಯವಿಟ್ಟು ತಿದ್ದುಪಡಿ ಪ್ರಕಟಿಸಿ.

– ಸೂಕ್ಷ್ಮಜೀವಿ ವಿಜ್ಞಾನದ ಅಧ್ಯಾಪಕಿ