ಸಂತೆಯ ಪುಡಿಯಲ್ಲಿ ಏನಿದೆ ಎಂದು ಹೇಳಿಸಿ: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ, ತೀರ್ಥಹಳ್ಳಿ ತಾಲ್ಲೂಕಿನ ಒಬ್ಬ ಅಡಿಕೆ ಬೆಳೆಗಾರನ ನಮಸ್ಕಾರಗಳು.

ನಮ್ಮ ಮನೆಯ ನಾಗಂದಿಗೆಯ ಮೇಲೆ ಒಂದು ಗಾಜಿನ ಬಾಟಲಿಯಲ್ಲಿ ಸುಮಾರು 60 ಗ್ರಾಂ ಕಂದು ಬಣ್ಣದ ಪುಡಿ ಇದೆ. ಅದರಲ್ಲಿ ಏನಿದೆ ಎಂಬ ಒಂದೇ ಪ್ರಶ್ನೆಯನ್ನು ನಾನು 14 ತಿಂಗಳಿಂದ ಕೇಳುತ್ತಾ ಬಂದಿದ್ದೇನೆ. ಉತ್ತರ ಕೊಡುವವರು ಸಿಗದಿದ್ದುದರಿಂದ ಈಗ ಎಲ್ಲರಿಗೂ ಕಾಣುವ ಹಾಗೆ ತಮ್ಮನ್ನು ಕೇಳುತ್ತಿದ್ದೇನೆ.

ನನ್ನ ಪತ್ನಿಗೆ 58 ವರ್ಷ. ಕೊನೆಕೊಯ್ಲಿನ ಕಾಲದಲ್ಲಿ ರಾತ್ರಿ ಹನ್ನೊಂದರವರೆಗೆ ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿಯುತ್ತಲೇ ಅವಳ ಆಯುಷ್ಯದ ಅರ್ಧ ಕಳೆದಿರುವುದರಿಂದ ಮಂಡಿ ಸವೆದದ್ದರಲ್ಲಿ ವಿಶೇಷವೇನೂ ಇಲ್ಲ. ಲಕ್ಕಿ ಸೊಪ್ಪಿನ ಶಾಖ ಕೊಟ್ಟೆವು, ಎಣ್ಣೆ ತಿಕ್ಕಿದೆವು. ಸ್ವಲ್ಪ ಹಗುರವಾಗುತ್ತಿತ್ತು, ಮತ್ತೆ ಹಿಡಿದುಕೊಳ್ಳುತ್ತಿತ್ತು. ಆಗ ವಾರದ ಸಂತೆಗೆ ಬರುತ್ತಿದ್ದ ವ್ಯಾನೊಂದರಿಂದ ಈ ಪುಡಿ ನಮ್ಮ ಮನೆಗೆ ಬಂತು. ಸಕ್ಕರೆ ಕಾಯಿಲೆಯಿಂದ ಕ್ಯಾನ್ಸರ್‌ವರೆಗೆ ಎಲ್ಲವನ್ನೂ ಗುಣಪಡಿಸುತ್ತೇವೆ ಎಂದು ಆ ವ್ಯಾನಿನ ಬ್ಯಾನರಿನಲ್ಲಿ ಬರೆದಿತ್ತು; ನೂರಕ್ಕೆ ನೂರು ಗಿಡಮೂಲಿಕೆ, ಅಡ್ಡಪರಿಣಾಮವೆಂಬುದೇ ಇಲ್ಲ ಎಂದು ಮೈಕಿನಲ್ಲಿ ಕೂಗುತ್ತಿದ್ದರು. ಪೊಟ್ಟಣದ ಮೇಲೆ ಪರವಾನಗಿ ಸಂಖ್ಯೆಯಾಗಲಿ, ಬ್ಯಾಚ್ ಸಂಖ್ಯೆಯಾಗಲಿ, ಯಾವ ಮೂಲಿಕೆ ಎಷ್ಟಿದೆ ಎಂಬುದಾಗಲಿ ಇರಲಿಲ್ಲ. ಇದ್ದದ್ದು ಧನ್ವಂತರಿಯ ಒಂದು ಚಿತ್ರ ಮಾತ್ರ.

ಮೂರನೆಯ ದಿನಕ್ಕೆ ನೋವು ಮಾಯವಾಯಿತು. ಎರಡು ತಿಂಗಳಲ್ಲಿ ಅವಳ ಮುಖ ಗುಂಡಗಾಯಿತು. ಮದುವೆ ಮನೆಯಲ್ಲಿ ನೆಂಟರು ‘ಮೈ ತುಂಬಿಕೊಂಡು ಲಕ್ಷಣವಾಗಿದ್ದೀರಿ’ ಎಂದು ಹೊಗಳಿದರು, ಅವಳೂ ಹಿಗ್ಗಿದಳು. ಆರನೆಯ ತಿಂಗಳಲ್ಲಿ ರಕ್ತ ಪರೀಕ್ಷೆ ಮಾಡಿಸಿದಾಗ, ಹಿಂದೆಂದೂ ಇಲ್ಲದ ಸಕ್ಕರೆ ಕಾಣಿಸಿಕೊಂಡಿತು. ಇದ್ಯಾವುದೂ ಬೇಡವೆಂದು ಪುಡಿಯನ್ನು ಒಂದೇ ದಿನಕ್ಕೆ ನಿಲ್ಲಿಸಿದವನು ನಾನೇ. ಐದನೆಯ ದಿನ ಬೆಳಿಗ್ಗೆ ಅವಳು ವಾಂತಿ ಮಾಡಿಕೊಂಡು ಬಚ್ಚಲಲ್ಲಿ ಕುಸಿದು ಬಿದ್ದಳು. ಜೂನ್ ತಿಂಗಳ ಮಳೆ, ರಸ್ತೆಗೆ ಅಡ್ಡ ಬಿದ್ದ ಮರ, ಕತ್ತಿ ಹಿಡಿದು ಕೊಂಬೆ ಕಡಿದ ಊರಿನ ಹುಡುಗರು, ಇವೆಲ್ಲವನ್ನು ದಾಟಿ ಶಿವಮೊಗ್ಗದ ಆಸ್ಪತ್ರೆಯೊಂದನ್ನು ಮುಟ್ಟುವ ಹೊತ್ತಿಗೆ ಅವಳ ರಕ್ತದೊತ್ತಡ ಅಳತೆಗೆ ಸಿಗದಷ್ಟು ಇಳಿದಿತ್ತು.

ಅಲ್ಲಿನ ವೈದ್ಯರು ನನ್ನನ್ನು ಕೂರಿಸಿಕೊಂಡು ಹೇಳಿದ್ದು ಇಷ್ಟು. ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕೂತಿರುವ ಅಡ್ರಿನಲ್ ಗ್ರಂಥಿಗಳು ದೇಹಕ್ಕೆ ಬೇಕಾದ ಕಾರ್ಟಿಸಾಲ್ ಎಂಬ ಹಾರ್ಮೋನನ್ನು ತಯಾರಿಸುತ್ತವೆ. ಅದರಂತೆಯೇ ಕೆಲಸ ಮಾಡುವ ಸ್ಟಿರಾಯ್ಡ್ ಔಷಧ ಹೊರಗಿನಿಂದ ತಿಂಗಳುಗಟ್ಟಲೆ ಒಳಗೆ ಹೋದರೆ ಅವು ತಮ್ಮ ಕೆಲಸ ನಿಲ್ಲಿಸಿಬಿಡುತ್ತವೆ. ಆಮೇಲೆ ಹೊರಗಿನದ್ದನ್ನು ಥಟ್ಟನೆ ನಿಲ್ಲಿಸಿದರೆ ದೇಹದ ಬಳಿ ಎರಡೂ ಇರುವುದಿಲ್ಲ. ಅವಳ ಕಾರ್ಟಿಸಾಲ್ ತೀರಾ ಕಡಿಮೆ ಇತ್ತು. ಬಿಡುಗಡೆಯ ಚೀಟಿಯಲ್ಲಿ ಅವರು ‘ಸ್ಟಿರಾಯ್ಡ್ ಬೆರೆತ ಪುಡಿಯ ಸೇವನೆಯ ಶಂಕೆ’ ಎಂದು ಬರೆದರು. ‘ಶಂಕೆ’ ಏಕೆ ಎಂದು ಕೇಳಿದ್ದಕ್ಕೆ, ಪುಡಿಯ ಪರೀಕ್ಷೆಯಾಗದೆ ಅದಕ್ಕಿಂತ ಒಂದಕ್ಷರ ಹೆಚ್ಚು ಬರೆಯಲು ಬರುವುದಿಲ್ಲ ಎಂದರು.

ಪ್ರಾಮಾಣಿಕ ಮಾತು. ಅಂದಿನಿಂದ ನಾನು ಆ ಒಂದು ಪದವನ್ನು ಹೊತ್ತುಕೊಂಡು ಕಚೇರಿಗಳನ್ನು ಸುತ್ತುತ್ತಿದ್ದೇನೆ. ಒಂದು ಕಚೇರಿಯಲ್ಲಿ, ಇದು ಗಿಡಮೂಲಿಕೆ, ನಮಗೆ ಸಂಬಂಧಿಸಿದ್ದಲ್ಲ ಎಂದರು. ಗಿಡಮೂಲಿಕೆಗೆ ಸಂಬಂಧಿಸಿದ ಕಚೇರಿಯಲ್ಲಿ, ಸ್ಟಿರಾಯ್ಡ್ ಇದ್ದರೆ ಅದು ಇಂಗ್ಲಿಷ್ ಔಷಧ, ಅವರಿಗೇ ಸಂಬಂಧಿಸಿದ್ದು ಎಂದರು. ಇದೆಯೋ ಇಲ್ಲವೋ ತಿಳಿಯಬೇಕಾದರೆ ಪರೀಕ್ಷೆಯಾಗಬೇಕು. ಪರೀಕ್ಷೆಯಾಗಬೇಕಾದರೆ ಅದು ಯಾರಿಗೆ ಸಂಬಂಧಿಸಿದ್ದು ಎಂದು ಮೊದಲು ತಿಳಿಯಬೇಕಂತೆ. ಮತ್ತೊಬ್ಬರು ಬಿಲ್ ಕೇಳಿದರು. ಸಂತೆಯ ವ್ಯಾನಿನವನು ಬಿಲ್ ಕೊಡುತ್ತಾನೆಂದು ನಂಬುವಷ್ಟು ಮುಗ್ಧರು ನಮ್ಮ ಸರ್ಕಾರಿ ಸೇವೆಯಲ್ಲಿ ಇನ್ನೂ ಇದ್ದಾರೆಂದು ತಿಳಿದು ಒಂದು ರೀತಿಯಲ್ಲಿ ಸಂತೋಷವಾಯಿತು.

ಇನ್ನೊಂದು ಸಂಗತಿಯನ್ನು ಬರೆಯದೆ ಇರಲಾರೆ. ಒಂಬತ್ತನೆಯ ಬಾರಿ ಹೋದಾಗ ಒಬ್ಬ ಅಧಿಕಾರಿಗಳು ನನ್ನ ಮಾತನ್ನು ಪೂರ್ತಿ ಕೇಳಿದರು, ಬಾಟಲಿಯ ಮುಚ್ಚಳ ತೆಗೆದು ಮೂಸಿದರು, ಕಾಗದಪತ್ರಗಳನ್ನೆಲ್ಲ ತಿರುವಿ ನೋಡಿದರು. ಅಂತೂ ಒಬ್ಬರು ಸಿಕ್ಕರು ಎಂದು ನನ್ನ ಮನಸ್ಸು ತುಂಬಿ ಬಂತು. ಕೊನೆಗೆ ಅವರು ಸ್ವರ ತಗ್ಗಿಸಿ, ‘ಮೂರೇ ದಿನಕ್ಕೆ ನೋವು ಹೋಯಿತು ಅಂದಿರಲ್ಲ, ನಮ್ಮ ಅತ್ತೆಯವರಿಗೂ ಮಂಡಿನೋವು, ಆ ವ್ಯಾನು ಈಗ ಯಾವ ಸಂತೆಗೆ ಬರುತ್ತದೆ?’ ಎಂದು ಕೇಳಿದರು. ನಾನು ಬಾಟಲಿ ಎತ್ತಿಕೊಂಡು ಎದ್ದು ಬಂದೆ. ಬಸ್ಸಿನಲ್ಲಿ ಊರು ಬರುವವರೆಗೂ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ.

1940ರ ಔಷಧ ಮತ್ತು ಕಾಂತಿವರ್ಧಕಗಳ ಕಾಯ್ದೆಯನ್ನು ನಾನು ತಮಗೆ ಓದಿ ಹೇಳಬೇಕಾಗಿಲ್ಲ. ಸಾಮಾನ್ಯ ನಾಗರಿಕನೂ ಶುಲ್ಕ ಕಟ್ಟಿ ತಾನು ಕೊಂಡ ಔಷಧವನ್ನು ಸರ್ಕಾರಿ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದೆನ್ನುವ 26ನೆಯ ಕಲಂ ತಮಗೆ ಗೊತ್ತು. ಅದು ನಾಲ್ಕನೆಯ ಅಧ್ಯಾಯದಲ್ಲಿದೆ, ಆಯುರ್ವೇದ ಔಷಧಗಳದ್ದು ನಾಲ್ಕು-ಎ ಅಧ್ಯಾಯ, ಆದ್ದರಿಂದ ಅನ್ವಯವಾಗದು ಎಂದು ನನಗೆ ಪಾಠ ಹೇಳಿದ ಕಚೇರಿಯೂ ತಮ್ಮ ಸರ್ಕಾರದ್ದೇ. ಹಾಗಾದರೆ ಜ್ವರದ ಮಾತ್ರೆಯನ್ನು ಪರೀಕ್ಷೆಗೆ ಕೊಡುವ ಹಕ್ಕು ನನಗಿದೆ, ನನ್ನ ಪತ್ನಿಯನ್ನು ಸಾವಿನ ಬಾಗಿಲಿಗೆ ಒಯ್ದ ಪುಡಿಯನ್ನು ಕೊಡುವ ಹಕ್ಕು ಇಲ್ಲವೇ? ಪ್ರೆಡ್ನಿಸೊಲೋನ್‌ನಂಥ ಸ್ಟಿರಾಯ್ಡ್ ಯಾವ ಆಯುರ್ವೇದ ಗ್ರಂಥದಲ್ಲಿದೆ ಎಂದು ಆ ಕಚೇರಿಯವರು ತೋರಿಸಿದರೆ ನಾನು ಸುಮ್ಮನಾಗುತ್ತೇನೆ. ಸಕ್ಕರೆ ಕಾಯಿಲೆ, ಕ್ಯಾನ್ಸರ್ ಗುಣಪಡಿಸುತ್ತೇವೆಂದು ಬ್ಯಾನರ್ ಕಟ್ಟುವುದನ್ನು ನಿಷೇಧಿಸುವ 1954ರ ಕಾಯ್ದೆಯೂ ಇದೆ. ಆ ಬ್ಯಾನರ್ ಓದಲು ಕನ್ನಡಕವೂ ಬೇಕಾಗಿರಲಿಲ್ಲ.

ನಾನು ಗಿಡಮೂಲಿಕೆಯ ವಿರೋಧಿಯಲ್ಲ. ಒಂದೆಲಗದ ತಂಬುಳಿ ಉಂಡು ಬೆಳೆದವನು. ನಮ್ಮ ಘಟ್ಟದ ಕಾಡಿನಲ್ಲಿ ಬೆಳೆಯುವ ದುರ್ವಾಸನೆ ಮರದಲ್ಲಿ ಕ್ಯಾಂಪ್ಟೊಥೆಸಿನ್ ಎಂಬ ರಾಸಾಯನಿಕವಿದೆ. ಅಮೆರಿಕದ ವಿಜ್ಞಾನಿಗಳು ಚೀನಾದ ಬೇರೊಂದು ಮರದಿಂದ ಅದನ್ನು ಬೇರ್ಪಡಿಸಿ 1966ರಲ್ಲಿ ವರದಿ ಮಾಡಿದರು. ರೋಗಿಗಳ ಮೇಲೆ ಮೊದಲು ಪ್ರಯೋಗಿಸಿದಾಗ ಮೂತ್ರಕೋಶದಲ್ಲಿ ರಕ್ತಸ್ರಾವದಂಥ ತೊಂದರೆಗಳು ಕಂಡದ್ದರಿಂದ ನಿಲ್ಲಿಸಿದರು. ಅದನ್ನು ಮಾರ್ಪಡಿಸಿ ಮಾಡಿದ ಟೊಪೊಟೆಕಾನ್‌ಗೆ ಕ್ಯಾನ್ಸರ್ ಔಷಧವಾಗಿ ಅಲ್ಲಿ ಒಪ್ಪಿಗೆ ಸಿಕ್ಕಿದ್ದು 1996ರಲ್ಲಿ. ಮರದಿಂದ ಮದ್ದಿಗೆ 30 ವರ್ಷ ಹಿಡಿಯಿತು. ಸಂತೆಯ ವ್ಯಾನಿನವನಿಗೆ ಮೂವತ್ತು ನಿಮಿಷ ಸಾಕು.

ಒಳ್ಳೆಯ ಹೆಸರಿನ ಮೂಲಿಕೆಗೂ ಪರೀಕ್ಷೆ ತಪ್ಪಿದ್ದಲ್ಲ. ಕೋವಿಡ್ ಕಾಲದಲ್ಲಿ ನಮ್ಮೂರಿನ ಬೇಲಿಗಳ ಅಮೃತಬಳ್ಳಿಯೆಲ್ಲ ಕಷಾಯವಾಯಿತು. ಅದನ್ನು ಸೇವಿಸಿದ ಆರು ಜನರ ಯಕೃತ್ತಿಗೆ ಹಾನಿಯಾದದ್ದನ್ನು ಮುಂಬೈನ ವೈದ್ಯರು 2021ರಲ್ಲಿ ವರದಿ ಮಾಡಿದರು. ಮರುವರ್ಷ ಹಲವು ಆಸ್ಪತ್ರೆಗಳ ಅಧ್ಯಯನದಲ್ಲಿ ಅಂಥ 43 ರೋಗಿಗಳ ವಿವರ ಬಂತು. ಕೇಂದ್ರದ ಆಯುಷ್ ಸಚಿವಾಲಯ ಒಪ್ಪಲಿಲ್ಲ. ನೋಡಲು ಹಾಗೆಯೇ ಇರುವ ಇನ್ನೊಂದು ಬಳ್ಳಿ ಬೆರೆತಿರಬಹುದು ಎಂದಿತು. ಇರಬಹುದು. ಆದರೆ ಅದು ಇದೋ ಅದೋ ಎಂದು ತೀರ್ಮಾನವಾಗುವುದು ರೋಗಿ ಸೇವಿಸಿದ್ದನ್ನೇ ಪರೀಕ್ಷಿಸಿದಾಗ ಅಲ್ಲವೇ? ಅಮೆರಿಕದ ಬಾಸ್ಟನ್ ಸುತ್ತಮುತ್ತಲಿನ ಅಂಗಡಿಗಳಿಂದ 70 ಆಯುರ್ವೇದ ಉತ್ಪನ್ನಗಳನ್ನು ಕೊಂಡು ಪರೀಕ್ಷಿಸಿದವರು, 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತೆಂದು 2004ರಲ್ಲಿ ವರದಿ ಮಾಡಿದರು. ಅವರನ್ನು ಯಾರೂ ‘ಇದು ಯಾವ ಅಧ್ಯಾಯ’ ಎಂದು ಕೇಳಿದಂತಿಲ್ಲ.

ನನ್ನ ಪತ್ನಿ ಬದುಕಿದ್ದಾಳೆ. ಬೆಳಿಗ್ಗೆ ಲೆಕ್ಕ ಹಾಕಿ ಮಾತ್ರೆ ನುಂಗುತ್ತಾಳೆ, ಮಂಡಿನೋವು ಹಿಂದಿಗಿಂತ ಹೆಚ್ಚಾಗಿದೆ. ಪರಿಹಾರಧನ ಕೇಳುತ್ತಿಲ್ಲ, ಯಾರನ್ನೂ ಅಮಾನತು ಮಾಡಿ ಎನ್ನುತ್ತಿಲ್ಲ. ಪುಡಿಯನ್ನು ಪರೀಕ್ಷೆ ಮಾಡಿಸಿ, ವರದಿಯನ್ನು ಬರವಣಿಗೆಯಲ್ಲಿ ಕೊಡಿಸಿ. ಮಲೆನಾಡಿನ ಸಂತೆಗಳಲ್ಲಿ ಮಾರುವ ಇಂಥ ಪುಡಿಗಳ ಮಾದರಿಗಳನ್ನು ತೆಗೆಸಿ, ಅವುಗಳಲ್ಲಿ ಸಿಕ್ಕಿದ್ದನ್ನು ಆಯಾ ಗ್ರಾಮ ಪಂಚಾಯಿತಿಯ ಹಲಗೆಯ ಮೇಲೆ ಕನ್ನಡದಲ್ಲಿ ಹಾಕಿಸಿ. ಅದಕ್ಕೆ ಸಮಯ ಬೇಕಾದರೆ ತೆಗೆದುಕೊಳ್ಳಿ. ನನ್ನ ಬಾಟಲಿಯ ಪರೀಕ್ಷೆಯನ್ನಂತೂ ಈ ತಿಂಗಳೇ ಮಾಡಿಸಿ.

ಈ ತಿಂಗಳೇ ಎನ್ನಲು ಕಾರಣವಿದೆ. ಹೋದ ಮಳೆಗಾಲದಲ್ಲಿ ಬಾಟಲಿಯನ್ನು ಅಕ್ಕಿಯ ಡಬ್ಬಿಯೊಳಗೆ ಹೂತಿಟ್ಟು ಹೇಗೋ ಕಾಪಾಡಿದೆ. ಆದರೂ ಅಂಚಿನಲ್ಲಿ ಗಂಟು ಕಟ್ಟಿದೆ. ಇನ್ನೊಂದು ಮಳೆಗಾಲ ಕಳೆದರೆ ಬೂಷ್ಟು ಹಿಡಿಯುತ್ತದೆ, ಆಗ ಮಾದರಿ ಕೆಟ್ಟಿದೆ ಎಂದು ವಾಪಸ್ಸು ಕಳುಹಿಸಲು ತಮ್ಮ ಕಚೇರಿಗಳಿಗೆ ಹೊಸ ಕಾರಣವೊಂದು ಸಿಗುತ್ತದೆ. ಯಾರನ್ನಾದರೂ ಕಳುಹಿಸಿ, ಇಲ್ಲವೇ ಎಲ್ಲಿಗೆ ತರಬೇಕೆಂದು ತಿಳಿಸಿ. ಮೊದಲ ಬಸ್ಸಿಗೆ ತರುತ್ತೇನೆ. ನನ್ನ ಹೆಸರು, ವಿಳಾಸ, ಆಸ್ಪತ್ರೆಯ ಚೀಟಿಯ ನಕಲು ತಮಗೆ ಅಂಚೆಯಲ್ಲಿ ಕಳುಹಿಸಿದ ಪ್ರತಿಯಲ್ಲಿವೆ.

ಇಂತಿ ತಮ್ಮ ವಿಶ್ವಾಸಿ,
ತೀರ್ಥಹಳ್ಳಿ ತಾಲ್ಲೂಕಿನ ಅಡಿಕೆ ಬೆಳೆಗಾರ