ಮೈಕ್ ಜೋರು ಮಾಡಿದರೆ ಸಾಲದು

ಮಾನ್ಯರೇ,

ಕಟ್ಟಡಗಳ ಬಗ್ಗೆ ಬರೆಯುವವರು ಗಾಳಿ, ಬೆಳಕಿನ ಮಾತಾಡುತ್ತಾರೆ. ಕಿವಿಯ ವಿಚಾರ ಮಾತ್ರ ಯಾರಿಗೂ ನೆನಪಾಗುವುದಿಲ್ಲ. ನಾನು ಶ್ರವಣ ಸಾಧನ ಹಾಕಿಕೊಳ್ಳುವ ನಿವೃತ್ತ ಶಿಕ್ಷಕಿ. ಹಾಗಾಗಿ ಈ ತಕರಾರು.

ಇತ್ತೀಚೆಗೆ ಹೊಸ ಸಭಾಂಗಣವೊಂದಕ್ಕೆ ಹೋಗಿದ್ದೆ. ನೆಲಕ್ಕೆ ಗ್ರಾನೈಟ್, ಎರಡೂ ಬದಿಗೆ ಗಾಜು, ಮೇಲೆ ಬರೀ ಕಾಂಕ್ರೀಟ್. ನೋಡಲು ಚೆಂದವೇ. ಭಾಷಣದ ಒಂದು ವಾಕ್ಯವೂ ಪೂರ್ತಿ ತಿಳಿಯಲಿಲ್ಲ. ಪಕ್ಕದಲ್ಲಿದ್ದ ಹುಡುಗಿಗೂ ಅದೇ ಪಾಡು, ಅವಳ ಕಿವಿ ಸರಿಯಾಗಿಯೇ ಇದೆ. ದೂರು ಹೇಳಿದ್ದಕ್ಕೆ ಮೈಕ್ ಜೋರು ಮಾಡಿಸಿದರು. ಗದ್ದಲ ಇನ್ನೂ ಜಾಸ್ತಿಯಾಯಿತು.

ಆಗದೆ ಇನ್ನೇನು? ಗಟ್ಟಿ, ನುಣುಪು ಗೋಡೆ ಸದ್ದನ್ನು ಹೀರುವುದಿಲ್ಲ, ವಾಪಸ್ ಕಳಿಸುತ್ತದೆ. ಒಂದು ಅಕ್ಷರದ ಅನುರಣನ, ಅಂದರೆ ಹೀಗೆ ವಾಪಸ್ ಬಂದು ಉಳಿಯುವ ಮೊಳಗು, ಅಡಗುವ ಮೊದಲೇ ಇನ್ನೊಂದು ಬರುತ್ತದೆ. ಸ್ವರಗಳು ಜೋರು, ವ್ಯಂಜನಗಳು ಮೆಲು. ಹಿಂದಿನ ಸ್ವರದ ಗುಂಯ್‌ಗುಡುವಿಕೆಯಲ್ಲಿ ತ, ಪ, ಸ ಎಲ್ಲ ಮುಳುಗಿಹೋಗುತ್ತವೆ. ಮೈಕ್ ಏರಿಸಿದರೆ ಮಾತಿನ ಜೊತೆ ಆ ಗುಂಯ್ ಕೂಡ ಅಷ್ಟೇ ಏರುತ್ತದೆ. ನನ್ನ ಸಾಧನವೂ ಎರಡನ್ನೂ ಸೇರಿಸಿಯೇ ಕಿವಿಗೆ ತುಂಬುತ್ತದೆ.

ಇದು ಹೊಸ ವಿದ್ಯೆಯೇನಲ್ಲ. 1895ರಲ್ಲಿ ಹಾರ್ವರ್ಡ್‌ನ ಒಂದು ಉಪನ್ಯಾಸ ಕೋಣೆಯಲ್ಲಿ ಆಡಿದ ಮಾತು 5 ಸೆಕೆಂಡಿಗೂ ಹೆಚ್ಚು ಹೊತ್ತು ಮೊಳಗುತ್ತಿತ್ತು. ವಾಲೇಸ್ ಸಬೀನ್ ಎಂಬ ಭೌತಶಾಸ್ತ್ರದ ಮೇಷ್ಟ್ರು ರಂಗಮಂದಿರದ ಸೀಟಿನ ಮೆತ್ತೆಗಳನ್ನು ರಾತ್ರಿ ಹೊತ್ತು ತರಿಸಿ ಅಲ್ಲಿ ಹರಡಿದರು. ಆರ್ಗನ್ ಎಂಬ ವಾದ್ಯದ ಕೊಳವೆ ನುಡಿಸಿ, ಸದ್ದು ಅಡಗಲು ಎಷ್ಟು ಹೊತ್ತು ಬೇಕೆಂದು ಅಳೆದರು. ಕೋಣೆ ದೊಡ್ಡದಾದಷ್ಟೂ ಅನುರಣನ ಉದ್ದ, ಹೀರುವ ವಸ್ತು ಹೆಚ್ಚಿದಷ್ಟೂ ಗಿಡ್ಡ. ಇದೇ ಲೆಕ್ಕ ಇಟ್ಟುಕೊಂಡು ಕಟ್ಟಿದ ಬಾಸ್ಟನ್ ಸಿಂಫನಿ ಹಾಲ್ 1900ರಲ್ಲಿ ತೆರೆಯಿತು. ಸಂಗೀತದವರು ಇಂದಿಗೂ ಅದನ್ನು ಹೊಗಳುತ್ತಾರೆ.

ಹಾಗಂತ ಎಲ್ಲ ಕಡೆ ಸುಮ್ನೆ ಮೆತ್ತೆ ಹೊದಿಸಿ ಅಂತಲ್ಲ. ದೊಡ್ಡ ವಾದ್ಯವೃಂದಕ್ಕೆ ಸುಮಾರು 2 ಸೆಕೆಂಡ್ ಅನುರಣನ ಇದ್ದರೇ ಸೊಗಸು. ಪಾಠದ ಕೋಣೆಗೆ ಅದು ವಿಷ. ಸಾಮಾನ್ಯ ಅಳತೆಯ ತರಗತಿಗೆ ಅಮೆರಿಕದ ಮಾನದಂಡ ಹೇಳುವ ಮಿತಿ 0.6 ಸೆಕೆಂಡ್. ಅಂದರೆ ಇಲ್ಲಿ ಯಾರು ಮಾತಾಡುತ್ತಾರೆ, ಯಾರು ಕೇಳುತ್ತಾರೆ ಎಂಬುದು ನಕ್ಷೆಗಿಂತ ಮೊದಲೇ ಗೊತ್ತಿರಬೇಕು, ಅಲ್ವಾ? ಚಾವಣಿಯ ಎತ್ತರ, ಗೋಡೆಯ ಓರೆ, ಜನರೇಟರ್ ಇಡುವ ಜಾಗ ಇವೆಲ್ಲ ಕಾಗದದ ಮೇಲಿರುವಾಗ ಬದಲಿಸುವುದು ಸುಲಭ. ಕಟ್ಟಿದ ಮೇಲೆ ಉಳಿಯುವುದು ಪರದೆ, ಫೋಮ್, ತೇಪೆ ಕೆಲಸ.

ನಿಮ್ಮಲ್ಲೂ ಒಂದು ಕೋರಿಕೆ. ಹೊಸ ಕಟ್ಟಡದ ಬಗ್ಗೆ ಬರೆಯುವಾಗ ಖಾಲಿ ಹಾಲಿನ ಫೋಟೊ ಹಾಕಿ ಮುಗಿಸಬೇಡಿ. ನಿಮ್ಮ ವರದಿಗಾರರು ಕಾರ್ಯಕ್ರಮದ ದಿನ ಕೊನೆಯ ಸಾಲಿನಲ್ಲಿ ಕೂತು, ಏನು ಕೇಳಿಸಿತು ಅಂತಲೂ ಬರೆಯಲಿ.

– ನಿವೃತ್ತ ಶಿಕ್ಷಕಿ